ಲೂಸು ಸೇರಿಸಿ ಬರೆದ ಅಳತೆ

ನಮ್ಮ ಹೊಲಿಗೆ ಅಂಗಡಿಯಲ್ಲಿ ಇವರು ಅಳೆಯುತ್ತಾರೆ, ನಾನು ಬರೆಯುತ್ತೇನೆ. ಮೂವತ್ತೊಂದು ವರ್ಷದಿಂದ ಹೀಗೇ. ಇವರು ಗಿರಾಕಿಯ ಬೆನ್ನ ಹಿಂದೆ ನಿಂತು ಟೇಪು ಸುತ್ತಿ "ಎದೆ ಮೂವತ್ತೆಂಟು" ಎಂದು ಕೂಗಿದರೆ ನಾನು ಪುಸ್ತಕದಲ್ಲಿ ನಲವತ್ತೊಂದು ಎಂದು ಬರೆಯುತ್ತೇನೆ. ಮೂರು ಇಂಚು ಲೂಸು. ಮೈ ಎಷ್ಟಿದೆಯೋ ಅಷ್ಟಕ್ಕೇ ಬಟ್ಟೆ ಕತ್ತರಿಸಿದರೆ ಮನುಷ್ಯ ಉಸಿರಾಡುವುದು ಹೇಗೆ, ಕೈ ಎತ್ತುವುದು ಹೇಗೆ? ಯಾರಿಗೆ ಎಷ್ಟು ಲೂಸು ಬಿಡಬೇಕೆಂದು ಇವರು ಹೇಳುವುದಿಲ್ಲ, ನಾನೂ ಕೇಳುವುದಿಲ್ಲ. ಗಿರಾಕಿಯ ಹೊಟ್ಟೆ, ವಯಸ್ಸು, ಕನ್ನಡಿಯ ಮುಂದೆ ಅವನು ಉಸಿರು ಬಿಗಿಹಿಡಿದು ನಿಂತ ಠೀವಿ, ಎಲ್ಲ ನೋಡಿ ಅಂದಾಜು ಮಾಡುವುದು ನನ್ನ ಕೆಲಸ. ಇವರು ಪುಸ್ತಕ ನೋಡಿ ಕತ್ತರಿ ಹಾಕುತ್ತಾರೆ.

ಇದನ್ನು ಹೇಳಿದ್ದು ನನ್ನ ತಪ್ಪನ್ನು ಕಸುಬಿನ ತಲೆಗೆ ಕಟ್ಟಲಿಕ್ಕಲ್ಲ. ಕಟ್ಟಲು ನೋಡಿದೆ, ನಿಜ. ಒಂದು ವಾರ ಅದನ್ನೇ ಮಾಡಿದೆ. ಆದರೆ ರಬ್ಬರ್ ಹಿಡಿದು ಉಜ್ಜಿದ್ದು ಕಸುಬಲ್ಲ, ಈ ಕೈ.

ಇವರಿಗೆ ರಕ್ತದ ಕ್ಯಾನ್ಸರ್ ಎಂದು ಗೊತ್ತಾದ ಮೂರನೇ ದಿನಕ್ಕೇ ಆಸ್ಪತ್ರೆಗೆ ಸೇರಿಸಿಕೊಂಡರು. ಒಂದು ತಿಂಗಳು ಇರಬೇಕು ಎಂದರು. ಮೊದಲ ವಾರ ಕೀಮೋ, ಆಮೇಲೆ ಮೂರು ವಾರ ಕಾಯುವುದು. ಔಷಧಿ ಕೆಟ್ಟದ್ದರ ಜೊತೆಗೆ ಒಳ್ಳೆಯದನ್ನೂ ಸುಟ್ಟುಹಾಕುತ್ತದಂತೆ. ರಕ್ತದ ಕೌಂಟು ಪಾತಾಳಕ್ಕಿಳಿದು ಮತ್ತೆ ತಾನಾಗಿ ಮೇಲೆ ಬರಬೇಕು, ಬಂದರೆ ಮನೆಗೆ. ದಿನಾ ಬೆಳಗಿನ ಜಾವ ರಕ್ತ ತೆಗೆಯುತ್ತಿದ್ದರು. ಹತ್ತು ಗಂಟೆಗೆ ನರ್ಸ್‌ಗಳ ಮೇಜಿಗೆ ರಿಪೋರ್ಟ್ ಬರುತ್ತಿತ್ತು. ಕಾರಿಡಾರಿನಲ್ಲಿ ಓಡುತ್ತಲೇ ಮಾತಾಡುವ ಒಬ್ಬ ಸಿಸ್ಟರ್ ಇದ್ದಳು, ನಾವು ಅವಳಿಗೆ ಗಡಿಬಿಡಿ ಸಿಸ್ಟರ್ ಎಂದು ಹೆಸರಿಟ್ಟಿದ್ದೆವು. ಮೊದಲ ದಿನ ಅವಳು ನಂಬರುಗಳನ್ನು ಹೇಳಲು ಬಂದಾಗ ಇವರು ಕೈ ಅಡ್ಡ ಹಿಡಿದರು.

"ನನಗೆ ಹೇಳ್ಬೇಡಿ ಸಿಸ್ಟರ್. ಇವಳಿಗೆ ಹೇಳಿ, ಇವಳು ಬರ್ಕೋತಾಳೆ. ನಾನು ಪುಸ್ತಕದಲ್ಲಿ ನೋಡ್ಕೋತೀನಿ. ನಮ್ಮ ಅಂಗಡಿ ನಡೆಯೋದೇ ಹಾಗೆ."

ಮನೆಯಿಂದ ಬರುವಾಗ ಗಾಬರಿಯಲ್ಲಿ ನಾನು ಚೀಲಕ್ಕೆ ಹಾಕಿಕೊಂಡದ್ದು ಹೊಸ ಅಳತೆ ಪುಸ್ತಕವನ್ನೇ. ಅದರಲ್ಲಿ ಉದ್ದ, ಎದೆ, ಸೊಂಟ ಎಂದು ಮನೆಗಳನ್ನು ಮೊದಲೇ ಅಚ್ಚು ಹಾಕಿಸಿದ್ದೆವು. ಹೊಸ ಗೆರೆ ಎಳೆಯಲು ಮನಸ್ಸಾಗಲಿಲ್ಲ. ಹಿಮೋಗ್ಲೋಬಿನ್ ಉದ್ದವಾಯಿತು, ಬಿಳಿ ರಕ್ತಕಣ ಎದೆಯಾಯಿತು, ಪ್ಲೇಟ್‌ಲೆಟ್ ಸೊಂಟವಾಯಿತು. ಇವರಿಗೆ ಅದು ಬಹಳ ಹಿಡಿಸಿತು. "ಇವತ್ತು ಸೊಂಟ ಎಷ್ಟೇ?" ಎಂದು ಕೇಳುವರು. "ತೊಂಬತ್ತು" ಎಂದರೆ, "ಪರವಾಗಿಲ್ಲ, ನಿನ್ನಷ್ಟು ದಪ್ಪ ಆಗಿಲ್ಲ" ಎನ್ನುವರು. ತೊಂಬತ್ತು ಎಂದರೆ ತೊಂಬತ್ತು ಸಾವಿರ. ನಾನು ತಲೆಯ ಮೇಲೆ ಮೊಟಕುವಂತೆ ಕೈ ಎತ್ತುತ್ತಿದ್ದೆ. ಕೂದಲು ದಿಂಬಿನ ಮೇಲೆ ಉದುರತೊಡಗಿದ್ದ ಆ ತಲೆಯ ಹತ್ತಿರ ಹೋದಾಗ ಕೈ ತಾನಾಗಿ ಮೆತ್ತಗಾಗುತ್ತಿತ್ತು.

ಮಂಚದ ಕಾಲ ಬಳಿ ಒಂದು ರಟ್ಟು ತೂಗುಹಾಕಿದ್ದರು. ಪ್ಲೇಟ್‌ಲೆಟ್ ಇಪ್ಪತ್ತು ಸಾವಿರಕ್ಕಿಂತ ಕಡಿಮೆಯಾದರೆ ಹಾಸಿಗೆಯಿಂದ ಇಳಿಯಬಾರದು, ಬ್ಲೇಡು ಮುಟ್ಟಬಾರದು, ಗಟ್ಟಿ ಬ್ರಷ್ಷಿನಲ್ಲಿ ಹಲ್ಲುಜ್ಜಬಾರದು. ಒಮ್ಮೆ ರಕ್ತ ಬರಲು ಶುರುವಾದರೆ ನಿಲ್ಲಿಸುವವರೇ ಒಳಗೆ ಇರುವುದಿಲ್ಲ ಎಂದು ದೊಡ್ಡ ಡಾಕ್ಟರಮ್ಮ ಬಿಡಿಸಿ ಹೇಳಿದ್ದರು. ಇವರು ಆ ರಟ್ಟನ್ನು ಎರಡು ಸಲ ಓದಿ "ಇಪ್ಪತ್ತು" ಎಂದು ಮನಸ್ಸಿನಲ್ಲಿ ಗಂಟು ಹಾಕಿಕೊಂಡರು. ಯಾರು ಏನು ಹೇಳಿದರೂ ತಲೆಗೆ ಹಾಕಿಕೊಳ್ಳದ ಮನುಷ್ಯ, ಆದರೆ ಅಂಕಿ ಕಂಡರೆ ಕೈಕಟ್ಟಿ ನಿಲ್ಲುತ್ತಾರೆ.

ಒಂಬತ್ತನೇ ದಿನ ಸೊಂಟ ಮೂವತ್ತೊಂದಕ್ಕೆ ಇಳಿದಿತ್ತು. ಬಾಯೆಲ್ಲ ಹುಣ್ಣಾಗಿ ಇವರು ಹಿಂದಿನ ದಿನದಿಂದ ಏನೂ ತಿಂದಿರಲಿಲ್ಲ. ಗೋಡೆ ಕಡೆ ಮುಖ ಮಾಡಿ ಮಲಗಿದ್ದರು. ನರ್ಸ್‌ಗಳ ಮೇಜಿನಿಂದ ಬರುತ್ತ ಬಾಗಿಲಲ್ಲೇ ನಿಂತು ಪುಸ್ತಕ ತೆರೆದೆ. ಪೆನ್ಸಿಲು ಮೂವತ್ತೆಂಟು ಎಂದು ಬರೆಯಿತು. ನೋಡಿ, ಈಗಲೂ ಪೆನ್ಸಿಲ್ ಬರೆಯಿತು ಎನ್ನುತ್ತಿದ್ದೇನೆ. ನಾನು ಬರೆದೆ. ಸ್ವಲ್ಪ ಲೂಸು ಇರಲಿ, ಉಸಿರಾಡಲಿ ಎಂದುಕೊಂಡೆ. ಇವರು ಕನ್ನಡಕ ಏರಿಸಿ ಪುಸ್ತಕ ನೋಡಿ, "ನಿನ್ನೆ ನಲವತ್ತಿತ್ತು. ಎರಡೇ ತಾನೆ ಇಳಿದಿರೋದು?" ಎಂದು ಎದ್ದು ಕೂತು ಅರ್ಧ ಬಟ್ಟಲು ಸೂಪು ಕುಡಿದರು. ನನಗೆ ಎಷ್ಟು ಖುಷಿಯಾಯಿತೆಂದರೆ, ಆ ಖುಷಿಯಲ್ಲಿ ತಪ್ಪು ಮಾಡಿದೆನೆಂಬುದೇ ಹೊಳೆಯಲಿಲ್ಲ.

ಒಂದು ದಿನ ಲೂಸು ಬಿಟ್ಟ ಮೇಲೆ ಮರುದಿನ ಬಿಡದೆ ಇರಲಾಗುವುದಿಲ್ಲ. ನಿಜವಾದ ಅಂಕಿ ಬರೆದರೆ ಒಂದೇ ಏಟಿಗೆ ಹನ್ನೆರಡು ಹದಿನೈದು ಕುಸಿದಂತೆ ಕಾಣುತ್ತದೆ, ಇವರ ಜೀವ ಬಾಯಿಗೆ ಬರುತ್ತದೆ. ಹಾಗಾಗಿ ದಿನಕ್ಕಿಷ್ಟು ಎಂದು ಮೆಲ್ಲಗೆ ಇಳಿಸುತ್ತ ಹೋದೆ. ಇವತ್ತಲ್ಲ ನಾಳೆ ಕೌಂಟು ಏರಲು ಶುರುವಾಗುತ್ತದೆ, ಏರುತ್ತ ಬರುವ ನಿಜವೂ ಇಳಿಯುತ್ತ ಬರುವ ನನ್ನ ಸುಳ್ಳೂ ಎಲ್ಲೋ ಒಂದು ಕಡೆ ಸೇರಿಕೊಳ್ಳುತ್ತವೆ, ಯಾರಿಗೂ ಗೊತ್ತಾಗುವುದಿಲ್ಲ ಎಂದು ಲೆಕ್ಕ ಹಾಕಿದ್ದೆ. ಮೂವತ್ತೊಂದು ವರ್ಷ ಅಳತೆ ಬರೆದ ಜಂಬ ಅದು.

ಹದಿನಾಲ್ಕನೇ ದಿನ ಗಡಿಬಿಡಿ ಸಿಸ್ಟರ್ ಹೇಳಿದ್ದು ಹನ್ನೊಂದು. ನಾನು ಬರೆದದ್ದು ಇಪ್ಪತ್ತೊಂದು.

ರಟ್ಟಿನಲ್ಲಿದ್ದ ಇಪ್ಪತ್ತು ನನಗೆ ನೆನಪಿರಲಿಲ್ಲವೇ? ಇತ್ತು. ಹತ್ತೊಂಬತ್ತು ಎಂದು ಬರೆಯಲು ಹೋಗಿ ತಡೆದುಕೊಂಡೆ. ಅವತ್ತು ಸಂಜೆ ಬೇರೆ ಊರಿನಿಂದ ಮಗಳು ಬರುವವಳಿದ್ದಳು. ಇಪ್ಪತ್ತರ ಕೆಳಗೆ ಹೋಯಿತೆಂದರೆ ಇವರು ಮುಖ ಸಣ್ಣ ಮಾಡಿಕೊಂಡು ಮಲಗುತ್ತಾರೆ, ಅವಳು ಬಂದು ಅದನ್ನೇ ನೋಡಬೇಕು. ಒಂದು ದಿನ ತಾನೇ, ನಾನು ಪಕ್ಕದಲ್ಲೇ ಇರುತ್ತೇನಲ್ಲ ಎಂದುಕೊಂಡೆ.

ಪಕ್ಕದಲ್ಲಿರಲಿಲ್ಲ. ಹನ್ನೊಂದೂವರೆಗೆ ಬಿಸಿನೀರು ತರಲು ಕೆಳಗೆ ಹೋದೆ, ಅಲ್ಲಿ ಸಾಲು ಉದ್ದ ಇತ್ತು. ಇಪ್ಪತ್ತು ನಿಮಿಷ ಬಿಟ್ಟು ಬರುವಾಗ ನಮ್ಮ ಕೋಣೆಯ ಬಾಗಿಲು ಪೂರ್ತಿ ತೆರೆದಿತ್ತು. ಇವರು ಬಚ್ಚಲಿನ ಕನ್ನಡಿಯ ಮುಂದೆ ಸ್ಟೂಲಿನ ಮೇಲೆ ಕೂತಿದ್ದರು. ಒಂದು ಕೆನ್ನೆಗೆ ಸೋಪಿನ ನೊರೆ. ದವಡೆಯ ಕೆಳಗೆ ಹಿಡಿದ ಟವೆಲ್ ಬಿಳಿಯದ್ದೋ ಕೆಂಪದ್ದೋ ಹೇಳಲಾಗುತ್ತಿರಲಿಲ್ಲ. ಗಡಿಬಿಡಿ ಸಿಸ್ಟರ್ ಎರಡು ಕೈಯಲ್ಲೂ ಹತ್ತಿ ಒತ್ತಿಹಿಡಿದು, "ಡಾಕ್ಟರನ್ನ ಕರೀರಿ, ಬೇಗ!" ಎಂದು ಕೂಗುತ್ತಿದ್ದಳು.

"ಗಾಬರಿಯಾಗ್ಬೇಡ ಕಣೇ" ಎಂದರು ಇವರು, ನನ್ನನ್ನು ಕಂಡು. "ಚೂರು ಗೀರಿದೆ ಅಷ್ಟೆ. ಮಗು ಬರ್ತಾಳಲ್ಲ, ಈ ಗಡ್ಡ ನೋಡಿದ್ರೆ ಹೆದರ್ಕೋತಾಳೆ ಅಂತ."

ಮುಂದಿನದನ್ನು ಬರೆಯಲು ನನಗೆ ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ. ಅವರನ್ನು ಹಾಸಿಗೆಗೆ ತಂದು ಮಲಗಿಸಿದರು. ಒಬ್ಬಳು ಒತ್ತಿಹಿಡಿದಳು, ಇನ್ನೊಬ್ಬಳು ಡ್ರಿಪ್ಪಿನ ಸೂಜಿ ಸರಿಮಾಡಿದಳು. ಗಂಡನ ಕೈ ಹಿಡಿದುಕೊಳ್ಳಲು ಮಂಚದ ಆ ಬದಿ ಖಾಲಿ ಇತ್ತು. ನಾನು ಹೋಗಲಿಲ್ಲ. ಎಲ್ಲರಿಗೂ ಬೆನ್ನು ಮಾಡಿ ಲಾಕರಿನ ಮುಂದೆ ನಿಂತು, ಪುಸ್ತಕ ತೆರೆದು, ಪೆನ್ಸಿಲಿನ ತುದಿಯ ರಬ್ಬರಿನಿಂದ ಇಪ್ಪತ್ತೊಂದನ್ನು ಉಜ್ಜಿ ಹಾಕಿದೆ. ಹನ್ನೊಂದು ಎಂದು ಬರೆದೆ. ರಬ್ಬರಿನ ಪುಡಿಯನ್ನು ಊದಿದೆ. ಇವರಿಗೆ ಏನಾಗುತ್ತದೋ ಎಂಬ ಭಯಕ್ಕಿಂತ ನನ್ನ ಬರಹ ಯಾರ ಕಣ್ಣಿಗಾದರೂ ಬಿದ್ದೀತೆಂಬ ಭಯ ಆ ಕ್ಷಣ ಮುಂದೆ ಬಂದು ನಿಂತಿತ್ತು. ಇಂಥ ಹೆಂಗಸು ನಾನು ಎಂದು ಐವತ್ತಾರನೇ ವಯಸ್ಸಿನಲ್ಲಿ ಗೊತ್ತಾಯಿತು.

ಪ್ಲೇಟ್‌ಲೆಟ್ ಚೀಲ ತಂದು ಏರಿಸಿದರು. ರಕ್ತ ನಿಲ್ಲಲು ಮುಕ್ಕಾಲು ಗಂಟೆ ಹಿಡಿಯಿತು. ನಿಂತ ಮೇಲೆ ದೊಡ್ಡ ಡಾಕ್ಟರಮ್ಮ ಸೊಂಟದ ಮೇಲೆ ಕೈಯಿಟ್ಟು ಶುರುಮಾಡಿದರು.

"ಏನು ಮಾಸ್ಟರ್, ಹನ್ನೊಂದು ಸಾವಿರ ಇಟ್ಕೊಂಡು ಯಾರಾದ್ರೂ ಬ್ಲೇಡ್ ಹಿಡೀತಾರಾ? ಚಿಕ್ಕ ಮಕ್ಕಳಾ ನೀವು? ಇಷ್ಟು ದೊಡ್ಡದಾಗಿ ಬರೆದು ನೇತುಹಾಕಿದ್ದೀವಲ್ಲ, ಅಲಂಕಾರಕ್ಕಾ?"

"ಹನ್ನೊಂದಲ್ಲ ಡಾಕ್ಟ್ರೇ, ಇಪ್ಪತ್ತೊಂದು" ಎಂದರು ಇವರು. ಧ್ವನಿಯಲ್ಲಿ ಒಂದಿಷ್ಟೂ ಅನುಮಾನವಿರಲಿಲ್ಲ. "ಸಿಸ್ಟರ್ ಇಳೀಬೇಡಿ ಅಂತ ದಿನಾ ಹೇಳ್ತಾರೆ, ಎಲ್ಲರಿಗೂ ಹೇಳ್ತಾರೆ. ನಾನು ಪುಸ್ತಕ ನೋಡೇ ಇಳಿದೆ. ಕೊಡೇ, ತೋರ್ಸು."

ಕೊಟ್ಟೆ. ಕನ್ನಡಕ ಹಾಕಿಕೊಂಡು ನೋಡಿದರು. ಪುಸ್ತಕವನ್ನು ದೂರ ಹಿಡಿದರು, ಹತ್ತಿರ ತಂದರು. ಅವರ ಮುಖ ನಿಧಾನವಾಗಿ ಇಳಿಯಿತು.

"ಹೌದು. ಹನ್ನೊಂದೇ ಇದೆ. ತಪ್ಪಾಯ್ತು ಡಾಕ್ಟ್ರೇ."

ಡಾಕ್ಟರಮ್ಮ ಇನ್ನೂ ನಾಲ್ಕು ಮಾತು ಬೈದರು. ನಾನು ಪಕ್ಕದಲ್ಲಿ ನಿಂತು ಗಂಡ ಬೈಸಿಕೊಳ್ಳುವುದನ್ನು ನೋಡಿದೆ. ನನ್ನ ನಾಲಿಗೆ ಊರಿನವರಿಗೆಲ್ಲ ಗೊತ್ತು. ಗುಂಡಿ ಬಿಗಿಯಾಯಿತೆಂದು ತಗಾದೆ ತೆಗೆಯುವ ಗಿರಾಕಿಗಳಿಗೆ ಮುಖ ಮುರಿಯುವಂತೆ ಉತ್ತರ ಕೊಡುವವಳು ನಾನು. ಅವತ್ತು ಪೆನ್ಸಿಲನ್ನು ಸೆರಗಿನಲ್ಲಿ ಮುಚ್ಚಿಕೊಂಡು ನಿಂತೆ.

ನಾಲ್ಕು ಗಂಟೆಗೆ ಮಗಳು ಬಂದಳು. ದವಡೆಯ ಮೇಲಿನ ಬ್ಯಾಂಡೇಜು ನೋಡಿ ಅತ್ತಳು. ಇವರು ಅವಳನ್ನು ಸಮಾಧಾನ ಮಾಡುವ ಬದಲು, "ಆ ಪೇಪರ್ ಕೊಡಮ್ಮ" ಎಂದರು. ಹಾಸಿಗೆಯ ಮೇಲಿದ್ದ ದಿನಪತ್ರಿಕೆಯ ಕೊನೆಯ ಪುಟದ ಸಣ್ಣಕ್ಷರಗಳನ್ನು ಗಟ್ಟಿಯಾಗಿ ಓದಿದರು. ಒಂದು ಸಾಲು, ಎರಡು ಸಾಲು, ಒಂದು ಇಡೀ ಜಾಹೀರಾತು. ಒಂದಕ್ಷರವೂ ತಪ್ಪಲಿಲ್ಲ. ಪತ್ರಿಕೆ ಮಡಚಿಟ್ಟರು.

"ಕಣ್ಣು ಚೆನ್ನಾಗೇ ಇದೆ" ಎಂದರು. "ಕಣ್ಣು ಹೋಗಿದ್ರೇ ಚೆನ್ನಾಗಿತ್ತು. ಬೇರೆ ಕನ್ನಡಕ ಹಾಕ್ಸಬಹುದಿತ್ತು."

"ಏನಪ್ಪಾ ಹೀಗಂತೀರ?"

"ಹನ್ನೊಂದನ್ನ ಇಪ್ಪತ್ತೊಂದು ಅಂತ ಓದಿದೀನಮ್ಮ. ಓದಿದ್ದು ಚೆನ್ನಾಗಿ ನೆನಪಿದೆ, ಎರಡರ ಕೊಕ್ಕೆ ಸಮೇತ ನೆನಪಿದೆ. ಇಲ್ಲದೇ ಇರೋದು ಕಾಣ್ತಿದೆ ನನಗೆ. ಔಷಧಿ ತಲೆಗೇ ಹತ್ತಿದೆ." ತಮ್ಮ ಬೆರಳುಗಳನ್ನೇ ನೋಡಿಕೊಂಡರು. "ಇನ್ನು ಕಟಿಂಗ್ ಆಗಲ್ಲ. ಜನ ಒಳ್ಳೊಳ್ಳೆ ಬಟ್ಟೆ ತಂದು ಕೊಡ್ತಾರೆ, ಹಾಳು ಮಾಡೋಕಾಗುತ್ತಾ? ದೊಡ್ಡ ಕತ್ತರಿನ ಪಕ್ಕದ ಬೀದಿ ಮಾಸ್ಟರ್‌ಗೆ ಕೊಟ್ಬಿಡು. ಅವನ ಕೈಗೆ ಕೂರುತ್ತೆ."

ಕೀಮೋ ಶುರುವಾದ ದಿನ ಅಳದ ಮನುಷ್ಯ. ಬಾಯಿ ಹುಣ್ಣಿಗೂ ಅಳಲಿಲ್ಲ, ಕೂದಲು ಹೋದಾಗ "ಖರ್ಚಿಲ್ಲದೆ ಹಜಾಮತಿ" ಎಂದು ನಕ್ಕವರು. ಕತ್ತರಿಯ ಮಾತು ಆಡಿ ಮುಖ ಆ ಕಡೆ ತಿರುಗಿಸಿಕೊಂಡರು, ಹೆಗಲು ಅಲುಗಿತು. ನಾನು ಆಗಲೇ ಹೇಳಬೇಕಿತ್ತು. ಮಗಳ ಎದುರಿಗೆ ಹೇಗೆ ಎಂದು ಒಂದು ನೆಪ ಸಿಕ್ಕಿತು. ಅವಳು ಹೊರಟ ಮೇಲೆ, ದಣಿದಿದ್ದಾರೆ ಮಲಗಲಿ ಎಂದು ಇನ್ನೊಂದು ಸಿಕ್ಕಿತು. ಹೇಡಿಗಳಿಗೆ ನೆಪದ ಬರ ಇರುವುದಿಲ್ಲ.

ಮಗಳು ಹೋಗುವ ಮುಂಚೆ ಡಾಕ್ಟರಮ್ಮನ ಹತ್ತಿರ ಮಾತಾಡಿ ಹೋಗಿದ್ದಳು. ಮರುದಿನ ಬೆಳಿಗ್ಗೆ ಒಂಬತ್ತಕ್ಕೆ ಚಕ್ರದ ಮಂಚ ತಳ್ಳಿಕೊಂಡು ಇಬ್ಬರು ಬಂದರು. ತಲೆಯ ಸ್ಕ್ಯಾನಂತೆ. ಮಿದುಳಿನಲ್ಲಿ ರಕ್ತ ಒಸರಿದ್ದರೂ ಹೀಗೆ ಇಲ್ಲದ್ದು ಕಾಣಬಹುದು, ನೋಡಿಬಿಡೋಣ ಎಂದು ಡಾಕ್ಟರಮ್ಮ ಹೇಳುತ್ತಿದ್ದರು. ಇವರು ಮರುಮಾತಿಲ್ಲದೆ ಮಾಸ್ಕ್ ಹಾಕಿಕೊಂಡು ಕಾಲು ಮಡಚಿ ಎತ್ತಲು ಅನುಕೂಲ ಮಾಡಿಕೊಟ್ಟರು. ಅಷ್ಟು ಕಡಿಮೆ ಕೌಂಟಿನಲ್ಲಿ, ಕೆಮ್ಮುವ ಜನ ತುಂಬಿದ ಕಾರಿಡಾರುಗಳನ್ನು ದಾಟಿ, ಲಿಫ್ಟಿನಲ್ಲಿಳಿದು ಹೋಗಬೇಕು. ನಾನು ಬರೆದ ಒಂದು ಅಂಕಿಗಾಗಿ.

"ಬೇಡ" ಎಂದೆ. ಯಾರಿಗೂ ಕೇಳಿಸಲಿಲ್ಲ. "ಬೇಡ ಡಾಕ್ಟ್ರೇ! ಇವರ ತಲೆಗೇನೂ ಆಗಿಲ್ಲ. ಇವರು ಸರಿಯಾಗೇ ಓದಿದ್ರು. ನಾನು ಇಪ್ಪತ್ತೊಂದು ಅಂತಾನೇ ಬರೆದಿದ್ದೆ. ಆಮೇಲೆ ಅಳಿಸಿದೆ."

ಮಂಚ ತಳ್ಳುವವರು ನನ್ನನ್ನು ನೋಡಿದರು. ಗಡಿಬಿಡಿ ಸಿಸ್ಟರ್ ಬಾಗಿಲಲ್ಲಿ ಮೊದಲ ಬಾರಿಗೆ ನಿಂತಲ್ಲೇ ನಿಂತಳು.

"ಯಾವಾಗ ಅಳಿಸಿದ್ರಿ?" ಎಂದರು ಡಾಕ್ಟರಮ್ಮ.

"ರಕ್ತ ಬರ್ತಿದ್ದಾಗ."

ಬೈಯಲಿಲ್ಲ ಅವರು. ನಿನ್ನೆ ಇವರಿಗೆ ಅಷ್ಟು ಬೈದವರು ನನಗೆ ಒಂದು ಮಾತೂ ಬೈಯಲಿಲ್ಲ. "ಸ್ಕ್ಯಾನ್ ಬೇಡ, ಮಂಚ ವಾಪಸ್ ತಗೊಂಡು ಹೋಗಿ" ಎಂದು ಹೇಳಿ, ಫೈಲಿನಲ್ಲಿ ಏನೋ ಗೀಚಿ, ನನ್ನ ಮುಖ ನೋಡದೆ ಪಕ್ಕದ ಕೋಣೆಗೆ ಹೋದರು. ನನ್ನ ಕಪಾಳಕ್ಕೆ ಹೊಡೆದಿದ್ದರೂ ವಾಸಿ ಇತ್ತು.

ಎಲ್ಲರೂ ಹೋದ ಮೇಲೆ ಇವರು ಮೊದಲು ಮಾಡಿದ್ದು ಏನೆಂದರೆ, ನಕ್ಕರು. ಮಾಸ್ಕ್ ಗದ್ದಕ್ಕೆ ಇಳಿಸಿ, "ಹಾಗಾದ್ರೆ ತಲೆ ನೆಟ್ಟಗಿದೆ!" ಎಂದರು. "ಮಗಳಿಗೆ ಫೋನ್ ಮಾಡೇ, ಕತ್ತರಿ ಕೊಟ್ಟುಗಿಟ್ಟಾಳು." ನಾನೂ ನಗಲು ಹೋದೆ. ಅಷ್ಟರಲ್ಲಿ ಇವರ ನಗು ಎಲ್ಲೋ ಕಳಚಿಕೊಂಡಿತು.

"ಇದೊಂದೇನಾ?"

"ಅಲ್ಲ."

"ಯಾವತ್ತಿಂದ?"

"ಒಂಬತ್ತನೇ ದಿನದಿಂದ."

"ಪುಸ್ತಕ ಕೊಡು. ಪೆನ್ಸಿಲ್ ಬೇಡ, ಪೆನ್ನು."

ಒಂದೊಂದೇ ದಿನ ತೋರಿಸಿ "ಇದು?" ಎಂದು ಕೇಳಿದರು. ನಿಜವಾದ ಅಂಕಿ ಎಲ್ಲವೂ ನನಗೆ ಬಾಯಿಪಾಠ ಇತ್ತು. ಮೂವತ್ತೊಂದು. ಇಪ್ಪತ್ತಾರು. ಇಪ್ಪತ್ತೆರಡು. ಹದಿನೇಳು. ಹದಿನಾಲ್ಕು. ನಾನು ಹೇಳಿದ್ದನ್ನು ಅವರು ನನ್ನ ಅಂಕಿಗಳ ಪಕ್ಕದಲ್ಲಿ ಪೆನ್ನಿನಿಂದ ಬರೆದುಕೊಂಡರು. ಹದಿನೇಳಕ್ಕೆ ಬಂದಾಗ ಬೆರಳು ನಿಂತಿತು. "ಅವತ್ತು ನಾನು ಬಾಗಿಲವರೆಗೂ ನಡೆದಿದ್ದೆ" ಎಂದರು. "ನೀನು ನೋಡ್ತಾ ಕೂತಿದ್ದೆ."

"ನಿಮಗೆ ಧೈರ್ಯ ಬರ್ಲಿ ಅಂತ ಮಾಡಿದೆ ರೀ. ಊಟ ಬಿಟ್ಟಿದ್ರಿ."

"ಬರೆದಿದ್ದು ಅದಕ್ಕೇ ಇರ್ಬಹುದು" ಎಂದರು. "ಅಳಿಸಿದ್ದು?"

ಅದರ ಉತ್ತರ ಅವರಿಗೂ ಗೊತ್ತಿತ್ತು. ಪುಸ್ತಕ ಮುಚ್ಚಿ ತಮ್ಮ ದಿಂಬಿನ ಕೆಳಗೆ ಇಟ್ಟುಕೊಂಡರು. ಬೈದಾಡಿದ್ದರೆ ನಾನೂ ತಿರುಗಿ ಬೈದು, ಅತ್ತು, ಮೂಗು ಸುರಿಸಿ ಹಗುರಾಗುತ್ತಿದ್ದೆ. ನಮ್ಮಿಬ್ಬರ ಜಗಳಗಳೆಲ್ಲ ಹಾಗೆಯೇ ಮುಗಿಯುವುದು. ಇದು ಜಗಳವೇ ಆಗಲಿಲ್ಲ. ಊಟ ಕೊಟ್ಟರೆ ಉಂಡರು, ಮಾತ್ರೆ ಕೊಟ್ಟರೆ ನುಂಗಿದರು, "ಕಾಲು ಒತ್ತಲಾ?" ಎಂದರೆ "ಒತ್ತು" ಎಂದರು. ಸೊಂಟದ ತಮಾಷೆ ಮಾತ್ರ ನಿಂತುಹೋಯಿತು.

ಮರುದಿನದಿಂದ ಗಡಿಬಿಡಿ ಸಿಸ್ಟರ್ ರಿಪೋರ್ಟಿನ ಚೀಟಿಯನ್ನು ನೇರವಾಗಿ ಇವರ ಕೈಗೆ ಕೊಡತೊಡಗಿದಳು. ಇವರು ಹೇಳಿದ್ದರೋ, ಅವಳೇ ನಿರ್ಧರಿಸಿದ್ದಳೋ, ಕೇಳುವ ಮುಖ ನನಗಿರಲಿಲ್ಲ. ಇವರೇ ಓದಿ, ಇವರೇ ಪೆನ್ನಿನಿಂದ ಬರೆದು, ಪುಸ್ತಕವನ್ನು ಮತ್ತೆ ದಿಂಬಿನ ಕೆಳಗೆ ಸರಿಸುವರು. ನನಗೆ ಹೇಳುತ್ತಿರಲಿಲ್ಲ. ಮುಚ್ಚಿಡುತ್ತಲೂ ಇರಲಿಲ್ಲ. ಕೇಳಿದ್ದರೆ ಹೇಳುತ್ತಿದ್ದರು, ನಾನು ಕೇಳಲಿಲ್ಲ. ಅವರ ಹುಬ್ಬು ಎಷ್ಟು ಗಂಟಿಕ್ಕಿತು ಎಂಬುದರ ಮೇಲೆ ಅಂದಾಜು ಮಾಡುತ್ತ ಐದು ದಿನ ಕಳೆದೆ.

ಆರನೇ ದಿನ ಚೀಟಿ ಹಿಡಿದವರು ಕನ್ನಡಕದ ಮೇಲಿಂದ ನನ್ನನ್ನು ನೋಡಿದರು.

"ಇಲ್ಲಿ ಬಾ. ಉದ್ದ ಎಂಟು. ಎದೆ ಒಂಬೈನೂರು. ಸೊಂಟ ಮೂವತ್ತಾರು."

ಮೂವತ್ತಾರು! ಪ್ಲೇಟ್‌ಲೆಟ್ ಚೀಲ ಏರಿಸಿ ಒಂದು ವಾರವಾಗಿತ್ತು. ಇದು ಅವರ ಸ್ವಂತದ್ದು, ಅವರ ಮೂಳೆಯೊಳಗಿಂದ ಎದ್ದು ಬಂದದ್ದು. ನನಗೆ ಕುಣಿಯಬೇಕೆನಿಸಿತು, ಅವರ ಬೋಳುತಲೆ ಹಿಡಿದು ಮುದ್ದಿಡಬೇಕೆನಿಸಿತು. "ಹೌದಾ? ನಿಜವಾಗ್ಲೂ?" ಎಂದೆ. ಆ ಮಾತು ಬಾಯಿಂದ ಬಿದ್ದದ್ದೇ ತಡ, ಅನುಮಾನ ಬಂತು. ನಾನು ಐದು ದಿನದಿಂದ ಸರಿಯಾಗಿ ಉಂಡಿರಲಿಲ್ಲ. ಅದನ್ನು ಅವರು ನೋಡುತ್ತಲೇ ಇದ್ದರು. ಹೆಂಡತಿಗೆ ಧೈರ್ಯ ಬರಲಿ ಎಂದು ಒಂದಿಷ್ಟು ಸೇರಿಸಿ ಹೇಳಿರಬಾರದೇಕೆ?

ಫ್ಲಾಸ್ಕ್ ತೆಗೆದುಕೊಂಡು, "ಬಿಸಿನೀರು ತರ್ತೀನಿ" ಎಂದು ಹೊರಗೆ ಬಂದೆ. ನೀರಿನ ಕಡೆ ಹೋಗಲಿಲ್ಲ. ನರ್ಸ್‌ಗಳ ಮೇಜಿಗೆ ಹೋಗಿ, ತಗ್ಗಿದ ಧ್ವನಿಯಲ್ಲಿ, ಇವತ್ತಿನ ಪ್ಲೇಟ್‌ಲೆಟ್ ಎಷ್ಟು ಎಂದು ಕೇಳಿದೆ. ಸಿಸ್ಟರ್ ನನ್ನನ್ನೊಮ್ಮೆ ನೋಡಿ ಕಂಪ್ಯೂಟರಿನ ಪರದೆಯನ್ನು ನನ್ನ ಕಡೆ ತಿರುಗಿಸಿದಳು. ಎಂಟು. ಒಂಬೈನೂರು. ಮೂವತ್ತಾರು ಸಾವಿರ.

ಖಾಲಿ ಫ್ಲಾಸ್ಕ್ ಹಿಡಿದು ಹಿಂದಿರುಗಿದೆ. ನಮ್ಮ ಕೋಣೆಯ ಬಾಗಿಲಿನ ಮೇಲರ್ಧ ಗಾಜಿನದು, ಅಲ್ಲಿಂದ ಮೇಜು ನೇರವಾಗಿ ಕಾಣುತ್ತದೆ. ಇಷ್ಟು ದಿನ ಅದು ನನ್ನ ಗಮನಕ್ಕೇ ಬಂದಿರಲಿಲ್ಲ. ಇವರು ದಿಂಬಿಗೆ ಒರಗಿ ಬಾಗಿಲ ಕಡೆಗೇ ನೋಡುತ್ತಿದ್ದರು.

"ಸರಿ ಇತ್ತಾ?" ಎಂದು ಕೇಳಿದರು. ಸಿಟ್ಟಿರಲಿಲ್ಲ, ಕೊಂಕಿರಲಿಲ್ಲ. ಹೊಸ ಅಂಗಿ ತೊಟ್ಟು ನೋಡಿದ ಗಿರಾಕಿಯನ್ನು ಕೇಳುವ ಹಾಗೆ ಕೇಳಿದರು.

"ಸರಿ ಇತ್ತು" ಎಂದೆ, ನೆಲ ನೋಡುತ್ತ.